ಬ್ರೇಕು ಪಳಗಿಸಿದ ಭಾನುವಾರ

ಕಳೆದ ವರ್ಷದ ದಸರಾ ರಜೆ. ಗುರುವಾರ ಸಂಜೆ ನಾನು ವರಾಂಡದಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದೆ. ಗೇಟಿನ ಸದ್ದಾಯಿತು. ಮೊಮ್ಮಗ ಸೈಕಲ್ಲನ್ನು ತಳ್ಳಿಕೊಂಡು ಒಳಗೆ ಬಂದ. ಅವನಿಗೆ ಹದಿನಾಲ್ಕು ತುಂಬಿದೆ, ಒಂಬತ್ತನೇ ತರಗತಿ. ಆದರೂ ಮನೆಯಲ್ಲಿ ಎಲ್ಲರಿಗೂ ಅವನು ಪುಟ್ಟನೇ. ಪ್ಯಾಂಟು ಮಂಡಿಯ ಹತ್ತಿರ ಹರಿದಿತ್ತು, ಒಳಗಿನಿಂದ ರಕ್ತ ಜಿನುಗುತ್ತಿತ್ತು. ತಲೆಗೂದಲಿನಿಂದ ಬೂಟಿನವರೆಗೆ ಮರಳು.

ನನ್ನ ಸೊಸೆ ಡೆಟಾಲ್ ಬಾಟಲಿ ಹಿಡಿದುಕೊಂಡೇ ಬೈಯತೊಡಗಿದಳು. "ಎಷ್ಟು ಸಲ ಹೇಳಿದ್ದೀನಿ, ಆ ಟ್ಯಾಂಕಿನ ಇಳಿಜಾರಲ್ಲಿ ಹಾರಿಸ್ಕೊಂಡು ಬರಬೇಡ ಅಂತ?"

ಪುಟ್ಟ ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ತಲೆ ಬಗ್ಗಿಸಿ, "ಜೋರಾಗಿ ಬಂದೆ ಅಮ್ಮ, ಇನ್ಮೇಲೆ ಬರಲ್ಲ" ಅಂದ. ಸೈಕಲ್ಲಿನ ಬೀಗದ ಕೈ ಸೊಸೆಯ ಬೀರು ಸೇರಿತು. ರಜೆ ಮುಗಿಯುವವರೆಗೆ ಸೈಕಲ್ ಇಲ್ಲ ಎಂದು ತೀರ್ಪೂ ಆಯಿತು.

ನಾನು ಲೋಟ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದೆ. ಆ ಸೈಕಲ್ಲಿಗೆ ಅಂದು ಮಧ್ಯಾಹ್ನವಷ್ಟೇ ಹೊಸ ಬ್ರೇಕು ಹಾಕಿದವನು ನಾನು.

ನಾನು ಸೈಕಲ್ ಕಲಿತ ಕಾಲದಲ್ಲಿ ಬ್ರೇಕು ಎಂದರೆ ಕಬ್ಬಿಣದ ಕಡ್ಡಿಗಳ ಬ್ರೇಕು. ಹ್ಯಾಂಡಲ್ಲಿನ ಹಿಡಿ ಒತ್ತಿದರೆ ಕಡ್ಡಿ ಎಳೆದು, ಚಕ್ರದ ರಿಮ್ಮಿಗೆ ರಬ್ಬರಿನ ಕಟ್ಟೆಗಳು ಒತ್ತಿಕೊಳ್ಳುತ್ತಿದ್ದವು. ರಬ್ಬರು ಸವೆದರೆ ಅಂಗಡಿಯಿಂದ ಹೊಸ ಜೋಡಿ ತಂದು ಸಿಕ್ಕಿಸಿ, ತಿರುಪು ಬಿಗಿ ಮಾಡಿದರೆ ಮುಗಿಯಿತು, ಹತ್ತಿ ಹೊರಡುವುದೇ. ಮಳೆ ಬಂದು ರಿಮ್ಮು ನೆನೆದರೆ ಆ ಬ್ರೇಕು ಇದ್ದೂ ಇಲ್ಲದಂತೆ. ಆಗ ಕಾಲು ನೆಲಕ್ಕೆ ಒರೆಸಿ ನಿಲ್ಲಿಸಬೇಕು. ನಮಗೆಲ್ಲ ಚಪ್ಪಲಿಯೇ ಮೂರನೇ ಬ್ರೇಕು. ಎರಡು ವರ್ಷದ ಹಿಂದಿನವರೆಗೂ ಹಾಲು ತರಲು ನಾನು ಹೋಗುತ್ತಿದ್ದುದು ಅಂಥದೇ ಸೈಕಲ್ಲಿನಲ್ಲಿ. ಹಾಗಾಗಿ ಸೈಕಲ್ ರಿಪೇರಿಯ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಒಂದು ಜಂಬ ಇತ್ತು.

ಪುಟ್ಟನ ಸೈಕಲ್ಲಿನದು ಡಿಸ್ಕ್ ಬ್ರೇಕು. ಚಕ್ರದ ನಡುಗುಂಬದ ಪಕ್ಕದಲ್ಲಿ ತೂತು ತೂತಾದ ಉಕ್ಕಿನ ತಟ್ಟೆಯೊಂದು ಚಕ್ರದ ಜೊತೆಗೇ ತಿರುಗುತ್ತದೆ. ನಮ್ಮದರಲ್ಲಿ ಅದರ ಅಡ್ಡಳತೆ 160 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತಿಂಡಿ ತಟ್ಟೆಯಷ್ಟು. ಫ್ರೇಮಿಗೆ ಬಿಗಿದ ಕ್ಯಾಲಿಪರ್ ಎಂಬ ಇಕ್ಕಳದೊಳಗೆ ಎರಡು ಪುಟ್ಟ ಪ್ಯಾಡುಗಳಿರುತ್ತವೆ. ಹಿಡಿ ಒತ್ತಿದಾಗ ಅವು ತಟ್ಟೆಯನ್ನು ಎರಡೂ ಕಡೆಯಿಂದ ಅಮುಕುತ್ತವೆ. ರಿಮ್ಮು ಕೆಸರಾದರೂ ನೆನೆದರೂ ಚಿಂತೆಯಿಲ್ಲ, ತಟ್ಟೆ ಮೇಲೆ ಇರುತ್ತದೆ. ಇದು ಹೊಸ ಕಲ್ಪನೆಯೇನಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರ್ 1902ರಲ್ಲೇ ಮೋಟಾರು ಗಾಡಿಗೆ ಇಂಥ ಬ್ರೇಕಿನ ಪೇಟೆಂಟ್ ಪಡೆದಿದ್ದ. ಅದು ನಮ್ಮ ಮಕ್ಕಳ ಸೈಕಲ್ಲಿಗೆ ಇಳಿದು ಬರಲು ನೂರು ವರ್ಷ ಹಿಡಿಯಿತು ಅಷ್ಟೆ.

ಆ ಬ್ರೇಕು ಕೆಲವು ದಿನಗಳಿಂದ ಕಿರ್ರೆನ್ನುತ್ತಿತ್ತು. ಅಂಗಡಿಯ ಹುಡುಗ ಬಿಚ್ಚಿ ತೋರಿಸಿದ. ಪ್ಯಾಡಿನ ಮೇಲ್ಪದರ ಪೂರ್ತಿ ಸವೆದು, ಅದರ ಹಿಂದಿನ ಲೋಹದ ತಗಡು ತಟ್ಟೆಯನ್ನೇ ಕೆರೆಯುತ್ತಿತ್ತು. ತಟ್ಟೆಯ ಮೇಲೆ 1.5 ಎಂದು ಸಣ್ಣಗೆ ಕೆತ್ತಿತ್ತು. ಅದಕ್ಕಿಂತ ತೆಳುವಾದರೆ ಬದಲಿಸಬೇಕು ಎಂದರ್ಥವಂತೆ. ಅಳೆದ, ಆಗಲೇ ಕಡಿಮೆಯಾಗಿತ್ತು. ಮುಂದೆ ಹಿಂದೆ ಎರಡಕ್ಕೂ ಹೊಸ ತಟ್ಟೆ, ಹೊಸ ಪ್ಯಾಡು ಕೊಂಡೆ. "ನಾನೇ ಹಾಕಿ ಕೊಡ್ತೀನಿ ಸಾರ್" ಅಂದ. ಕೂಲಿ ಎಷ್ಟೆಂದು ಕೇಳಿದೆ. ಹೇಳಿದ. "ಬೇಡಪ್ಪ, ನಾನೇ ಹಾಕ್ಕೋತೀನಿ" ಅಂದೆ. ಹೊರಡುವಾಗ ಅವನು, "ಹಾಕಿದ ಮೇಲೆ ಒಂದಷ್ಟು ಓಡಿಸಿ ಸೆಟ್ ಮಾಡ್ಬೇಕು ಸಾರ್, ಹಾಗೇ ಇಳಿಜಾರಿಗೆ ಹೋಗ್ಬೇಡಿ" ಅಂತಲೂ ಅಂದ. ಕೂಲಿ ತಪ್ಪಿತಲ್ಲ, ಅದಕ್ಕೇ ಹೆದರಿಸುತ್ತಿದ್ದಾನೆ ಎಂದುಕೊಂಡೆ.

ಕೆಲಸವೇನೋ ಚೆನ್ನಾಗಿಯೇ ಮಾಡಿದೆ. ತಟ್ಟೆಗೆ ಆರು ತಿರುಪು, ತಲೆಯಲ್ಲಿ ನಕ್ಷತ್ರದ ಆಕಾರದ ಗುಂಡಿ. ಅದಕ್ಕೆಂದೇ ಬೇರೆ ಕೀಲಿ ತಂದಿದ್ದೆ. ಒಂದನ್ನು ಬಿಗಿ ಮಾಡಿ, ಅದರ ಎದುರಿನದನ್ನು ಬಿಗಿ ಮಾಡಿ, ಹೀಗೆ ಸಮನಾಗಿ ಕೂರಿಸಿದೆ. ಚಕ್ರ ಎತ್ತಿ ತಿರುಗಿಸಿದರೆ ಎಲ್ಲೂ ಉಜ್ಜಲಿಲ್ಲ. ಹಿಡಿ ಒತ್ತಿದರೆ ಚಕ್ರ ನಿಂತಿತು. "ಹೋಗಪ್ಪ, ಒಂದು ರೌಂಡ್ ಹೊಡ್ಕೊಂಡು ಬಾ" ಎಂದು ಪುಟ್ಟನನ್ನು ಕಳಿಸಿದೆ. ಕೈಯಲ್ಲಿ ತಿರುಗಿಸಿದ ಚಕ್ರಕ್ಕೂ ಹುಡುಗನನ್ನು ಹೊತ್ತು ಇಳಿಜಾರಿನಲ್ಲಿ ಬರುವ ಚಕ್ರಕ್ಕೂ ಇರುವ ವ್ಯತ್ಯಾಸ ಆಗ ನನಗೆ ಹೊಳೆಯಲಿಲ್ಲ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ನೀರಿನ ಟ್ಯಾಂಕು ಇರುವುದು ದಿಣ್ಣೆಯ ಮೇಲೆ. ಅಲ್ಲಿಂದ ಇಳಿಯುವ ರಸ್ತೆ ನೇರವಾಗಿ ಬಸ್ಸು ಓಡಾಡುವ ದೊಡ್ಡ ರಸ್ತೆಗೆ ಸೇರುತ್ತದೆ. ಪುಟ್ಟ ಅರ್ಧ ಇಳಿದ ಮೇಲೆ ಎರಡೂ ಹಿಡಿ ಒತ್ತಿದ್ದಾನೆ. ಸೈಕಲ್ ನಿಧಾನವಾದಂತೆ ಮಾಡಿತು, ಆದರೆ ನಿಲ್ಲಲಿಲ್ಲ. ಹಿಡಿಯನ್ನು ಹ್ಯಾಂಡಲ್ಲಿಗೆ ಮುಟ್ಟುವಂತೆ ಒತ್ತಿದರೂ ನಿಲ್ಲಲಿಲ್ಲ. ದೊಡ್ಡ ರಸ್ತೆ ಹತ್ತಿರ ಬಂದಾಗ, ಮನೆ ಕಟ್ಟುವವರು ಪಕ್ಕದಲ್ಲಿ ಸುರಿದಿದ್ದ ಮರಳಿನ ರಾಶಿಗೆ ಹ್ಯಾಂಡಲ್ ತಿರುಗಿಸಿದ. ಅವನು ಮರಳಿನಲ್ಲಿ ಬಿದ್ದು ತಲೆ ಎತ್ತಿದಾಗ ಎದುರಿಗೆ ಬಸ್ಸೊಂದು ಹಾದುಹೋಯಿತಂತೆ. ಇದನ್ನು ಅವನು ಅವತ್ತು ರಾತ್ರಿ ನನ್ನೊಬ್ಬನಿಗೇ ಪಿಸುಮಾತಿನಲ್ಲಿ ಹೇಳಿದ್ದು. "ಅಮ್ಮನಿಗೆ ಬಸ್ಸಿನ ವಿಷಯ ಹೇಳ್ಬೇಡ ತಾತ" ಅಂದ. "ಬ್ರೇಕಿನ ವಿಷಯ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಹೇಳಿದ್ರೆ ಅಮ್ಮ ಇನ್ನು ನಿನ್ನ ಕೈಗೆ ಯಾವತ್ತೂ ಸೈಕಲ್ ಕೊಡಲ್ಲ" ಅಂದು ಮಗ್ಗುಲಾಗಿ ಮಲಗಿಬಿಟ್ಟ.

ನನಗೆ ನಿದ್ದೆ ಬರಲಿಲ್ಲ. ಶುಕ್ರವಾರ ಎಲ್ಲವನ್ನೂ ಮತ್ತೆ ಬಿಚ್ಚಿ ನೋಡಿದೆ. ತಪ್ಪು ಸಿಗಲಿಲ್ಲ. ಶನಿವಾರ ಬಿಲ್ಲು ನೋಡೋಣ, ಸಾಮಾನೇ ಕಳಪೆಯೇನೋ ಎಂದು ಫೈಲು ತೆಗೆದೆ. ಬಿಲ್ಲನ್ನು ತೂತು ಹೊಡೆದು ಫೈಲಿಗೆ ಸೇರಿಸುವುದು ಬ್ಯಾಂಕಿನ ನೌಕರಿ ಕಲಿಸಿದ ಅಭ್ಯಾಸ. ಬಿಲ್ಲಿನ ಹಿಂದೆ, ಪ್ಯಾಡಿನ ಪೊಟ್ಟಣದಲ್ಲಿ ಬಂದಿದ್ದ ಕಾಗದವೂ ಮಡಿಸಿದ ಹಾಗೇ ಇತ್ತು. ಅದನ್ನೂ ತೂತು ಹೊಡೆದು ಸೇರಿಸಿದ್ದೆ, ಬಿಡಿಸಿ ಮಾತ್ರ ನೋಡಿರಲಿಲ್ಲ. ನೌಕರಿಯುದ್ದಕ್ಕೂ ಕೌಂಟರಿನಲ್ಲಿ ಕುಳಿತು "ಓದಿ ಸಹಿ ಮಾಡಿ ಸ್ವಾಮಿ" ಎಂದು ಜನರಿಗೆ ಹೇಳಿದವನು ನಾನು. ಭೂತಗನ್ನಡಿ ಹಿಡಿದು ಓದಿದೆ. ಇರುವೆಯಂಥ ಅಕ್ಷರಗಳಲ್ಲಿ ಅಂಗಡಿಯ ಹುಡುಗ ಹೇಳಿದ್ದೇ ಬರೆದಿತ್ತು. ಹೊಸ ಬ್ರೇಕನ್ನು ಮೊದಲು ಕೂರಿಸಿಕೊಳ್ಳಬೇಕು, ಅಲ್ಲಿಯವರೆಗೆ ಅದಕ್ಕೆ ಪೂರ್ತಿ ಹಿಡಿತ ಇರುವುದಿಲ್ಲ.

ಓದಿದರೂ ಪೂರ್ತಿ ಅರ್ಥವಾಗಲಿಲ್ಲ. ಹೊಸದಕ್ಕೇ ಅಲ್ಲವೇ ಹಿಡಿತ ಹೆಚ್ಚಿರಬೇಕಾದ್ದು? ಅಡುಗೆಮನೆಯಲ್ಲಿದ್ದ ನನ್ನಾಕೆಗೆ ಓದಿ ಹೇಳಿದೆ. ಅವಳು ತಿರುಗಿಯೂ ನೋಡದೆ, "ಇದರಲ್ಲೇನಿದೆ? ಹೊಸ ದೋಸೆ ಕಾವಲಿ ಪಳಗಿಸೋ ಹಾಗೆ" ಅಂದಳು.

ಅಷ್ಟೇ ಮಾತು. ಹೊಸ ಕಬ್ಬಿಣದ ಕಾವಲಿಯ ಮೇಲೆ ಮೊದಲ ದಿನವೇ ದೋಸೆ ಹುಯ್ದರೆ ಏಳುತ್ತದೆಯೇ? ಕಾಯಿಸಬೇಕು, ಎಣ್ಣೆ ಸವರಬೇಕು, ಆರಿಸಬೇಕು, ಮತ್ತೆ ಕಾಯಿಸಬೇಕು. ಹೀಗೆ ಮಾಡುತ್ತ ಮಾಡುತ್ತ ಎಣ್ಣೆಯದೊಂದು ತೆಳುಪದರ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲಷ್ಟೇ ಕಾವಲಿ ಮಾತು ಕೇಳುವುದು. ಬ್ರೇಕಿನಲ್ಲೂ ಹಾಗೆಯೇ. ಹೊಸ ತಟ್ಟೆ ನುಣ್ಣಗಿರುತ್ತದೆ. ಹೊಸ ಪ್ಯಾಡಿನ ಮೈ ತಟ್ಟೆಗೆ ಎಲ್ಲ ಕಡೆ ಸಮನಾಗಿ ತಾಗುವುದಿಲ್ಲ. ಮತ್ತೆ ಮತ್ತೆ ಒತ್ತಿ ಬಿಡುವಾಗ ಬರುವ ಕಾವಿನಲ್ಲಿ ಪ್ಯಾಡಿನ ಸಾಮಗ್ರಿಯ ಒಂದು ತೆಳುಪದರ ತಟ್ಟೆಯ ಮೇಲೆ ಕೂರುತ್ತದೆ, ಪ್ಯಾಡೂ ತಟ್ಟೆಗೆ ಒಗ್ಗುತ್ತದೆ. ಆ ಪದರವೂ ಪ್ಯಾಡೂ ಒಂದೇ ಜಾತಿ. ಹಾಗಾಗಿ ಒಂದನ್ನೊಂದು ಗಟ್ಟಿಯಾಗಿ ಹಿಡಿಯುತ್ತವೆ. ವ್ಯತ್ಯಾಸ ಒಂದೇ. ಕಾವಲಿಗೆ ಎಣ್ಣೆ ಬೇಕು, ಬ್ರೇಕಿನ ತಟ್ಟೆಗೆ ಎಣ್ಣೆಯ ಸೋಂಕೂ ಆಗದು.

ಆ ರಾತ್ರಿ ಊಟಕ್ಕೆ ಎಲ್ಲರೂ ಕುಳಿತಾಗ ಹೇಳಿಬಿಟ್ಟೆ. "ಅವನು ಬಿದ್ದದ್ದು ವೇಗದಿಂದ ಅಲ್ಲಮ್ಮ, ನನ್ನಿಂದ. ಹೊಸ ಬ್ರೇಕು ಪಳಗಿಸದೆ ಇಳಿಜಾರಿಗೆ ಕಳಿಸಿದ್ದೆ. ಅಂಗಡಿಯವನು ಹೇಳಿದ್ದ, ನಾನು ಕೇಳಲಿಲ್ಲ." ಬಸ್ಸಿನ ವಿಷಯವನ್ನೂ ಹೇಳಿದೆ. ಪುಟ್ಟ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಗ ಏನೋ ಹೇಳಲು ಹೋಗಿ ಸುಮ್ಮನಾದ. ಸೊಸೆ ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಮಜ್ಜಿಗೆ ಬಡಿಸುವಾಗ ಅವಳ ಕೈ ನಡುಗುತ್ತಿತ್ತು. ಕೊನೆಗೆ, "ಎರಡು ದಿನ ಅವನನ್ನ ಬೈದೆ ಮಾವ, ನೀವು ನೋಡ್ತಾ ಕೂತಿದ್ರಿ" ಅಂದಳು. ಬ್ರೇಕಿಗಿಂತ ಆ ಮಾತು ನನಗೆ ಹೆಚ್ಚು ತಾಗಿತು. ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ನಾಳೆ ಹೇಗೆ ಪಳಗಿಸ್ತೀರೋ ಪಳಗಿಸಿ. ನಾನೂ ಬರ್ತೀನಿ" ಎಂದಳು.

ಭಾನುವಾರ ಬೆಳಗ್ಗೆ ಆರಕ್ಕೇ ಮೈದಾನದ ಪಕ್ಕದ ರಸ್ತೆಗೆ ಹೋದೆವು. ಸಮತಟ್ಟು, ಉದ್ದ, ಆ ಹೊತ್ತಿನಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಹೊರಡುವ ಮುಂಚೆ ತಟ್ಟೆಗಳನ್ನು ಔಷಧಿ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒಗೆದ ಬಟ್ಟೆ ಅದ್ದಿ ಒರೆಸಿದ್ದೆವು. ಬೆರಳಿನ ಜಿಡ್ಡೂ ಅದರ ಮೇಲೆ ಉಳಿಯಬಾರದು.

ಕಾಗದದಲ್ಲಿದ್ದ ಕ್ರಮ ಇಷ್ಟು. ಮಧ್ಯಮ ವೇಗಕ್ಕೆ ಬಂದು, ಬ್ರೇಕನ್ನು ಗಟ್ಟಿಯಾಗಿ, ಒಂದೇ ಸಮನಾಗಿ ಒತ್ತಿ, ನಡಿಗೆಯ ವೇಗಕ್ಕೆ ಇಳಿಸಬೇಕು. ಆದರೆ ಪೂರ್ತಿ ನಿಲ್ಲಬಾರದು, ಚಕ್ರ ಕಚ್ಚಿಕೊಂಡು ಜಾರಲೂಬಾರದು. ಬಿಟ್ಟು ಮತ್ತೆ ತುಳಿಯಬೇಕು. ಹೀಗೆ ಇಪ್ಪತ್ತು ಸಲ. ಆಮೇಲೆ ಇನ್ನೂ ಸ್ವಲ್ಪ ಹೆಚ್ಚಿನ ವೇಗದಿಂದ ಹತ್ತು ಸಲ. ತಯಾರಕರಿಂದ ತಯಾರಕರಿಗೆ ಲೆಕ್ಕದಲ್ಲಿ ಹೆಚ್ಚುಕಡಿಮೆ ಇರಬಹುದು, ಕ್ರಮ ಮಾತ್ರ ಇದೇ. ನಾವು ಮುಂದಿನ ಬ್ರೇಕು, ಹಿಂದಿನ ಬ್ರೇಕು ಬೇರೆ ಬೇರೆಯಾಗಿ ಮಾಡಿದೆವು. ಹಾಗಾಗಿ ಒಟ್ಟು ಅರವತ್ತು.

ಪೂರ್ತಿ ನಿಲ್ಲಬಾರದು ಏಕೆ ಎಂದು ಸೊಸೆ ಕೇಳಿದಳು. ಕಾದ ಪ್ಯಾಡು ತಟ್ಟೆಯ ಒಂದೇ ಜಾಗದಲ್ಲಿ ಒತ್ತಿಕೊಂಡು ನಿಂತರೆ ಅಲ್ಲಿ ಮಾತ್ರ ಪದರ ದಪ್ಪನಾಗಿ ಅಂಟುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಆ ಜಾಗ ಬಂದಾಗ ಬ್ರೇಕು ಅದುರುತ್ತದೆ, ಕಿರುಚುತ್ತದೆ. "ದೋಸೆ ಒಂದೇ ಕಡೆ ಸೀದ ಹಾಗೆ" ಅಂದೆ. ಎರಡು ದಿನಗಳಲ್ಲಿ ಅವಳು ಮೊದಲ ಸಲ ನಕ್ಕಳು.

ಹಿಂದಿನ ಬ್ರೇಕಿನ ಮೊದಲ ಹತ್ತು ಸಲ ನಾನೇ ಓಡಿಸುತ್ತೇನೆ ಎಂದು ಹಟ ಹಿಡಿದೆ. ಪರೀಕ್ಷೆಯಾಗದ ಬ್ರೇಕಿನ ಮೇಲೆ ಈ ಸಲವೂ ಹುಡುಗನನ್ನೇ ಮೊದಲು ಕೂರಿಸಲು ಮನಸ್ಸು ಬರಲಿಲ್ಲ. ಎಪ್ಪತ್ತಮೂರರಲ್ಲಿ ಬಗ್ಗಿ ಕೂರುವ ಸೈಕಲ್ಲು ಸೊಂಟಕ್ಕೆ ಹಿತವಲ್ಲ. ಆದರೆ ಹಾಗೆ ಮಾಡಿದ್ದು ಒಳ್ಳೆಯದಾಯಿತು, ಬದಲಾವಣೆ ನನ್ನ ಕೈಗೇ ಗೊತ್ತಾಯಿತು. ಮೊದಲ ಮೂರ್ನಾಲ್ಕು ಸಲ ಸಾಬೂನು ಹಚ್ಚಿದ ತಟ್ಟೆಯನ್ನು ಹಿಡಿದಂತೆ ಜಾರುತ್ತಿತ್ತು. ಈ ಬ್ರೇಕಿನಲ್ಲೇ ಅಲ್ಲವೇ ಅವನನ್ನು ಕಳಿಸಿದ್ದು ಎಂದು ಎದೆ ಧಸಕ್ಕೆಂದಿತು. ಏಳು, ಎಂಟರ ಹೊತ್ತಿಗೆ ಹಿಡಿತ ಸಿಕ್ಕಿತು. ಹತ್ತಕ್ಕೆ ಇಳಿದು ಪುಟ್ಟನಿಗೆ ಕೊಟ್ಟೆ.

ಅವನು ಓಡಿಸಿದ. ನಾನು ನೋಟ್‌ಬುಕ್ಕಿನಲ್ಲಿ ಐದೈದರಂತೆ ಗೀಟು ಹಾಕುತ್ತ ಎಣಿಸಿದೆ. ಮುಂದಿನ ಬ್ರೇಕಿನ ಸರದಿ ಬಂದಾಗ, ಸೀಟಿನ ಹಿಂದಕ್ಕೆ ಸರಿದು ಕೂತು, ಮೊದಲು ಮೆತ್ತಗೆ ಒತ್ತುತ್ತ ಬಾ ಎಂದು ಹೇಳಿದೆ. ಮುಂದಿನದನ್ನು ಒಮ್ಮೆಲೇ ಹಿಡಿದರೆ ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರುವ ಅಪಾಯ ಇರುತ್ತದೆ. ನಡುವೆ ಒಂದು ಸಣ್ಣ ಕೀಚು ದನಿ ಶುರುವಾಯಿತು. ನನ್ನ ಕೈ ತಾನಾಗಿಯೇ ಚೀಲದಲ್ಲಿದ್ದ ಹೊಲಿಗೆ ಯಂತ್ರದ ಎಣ್ಣೆಯ ಬಾಟಲಿಗೆ ಹೋಯಿತು. "ತಾತಾ, ಬೇಡ!" ಎಂದು ಪುಟ್ಟ ದೂರದಿಂದಲೇ ಕೂಗಿದ. ಎಪ್ಪತ್ತು ವರ್ಷದ ಅಭ್ಯಾಸ ನೋಡಿ, ಎಲ್ಲಿ ಸದ್ದೋ ಅಲ್ಲಿ ಎಣ್ಣೆ. ಒಂದು ಹನಿ ಬಿದ್ದಿದ್ದರೂ ಪ್ಯಾಡು ಅದನ್ನು ಹೀರಿಕೊಂಡು, ಕೊಂಡ ಸಾಮಾನು ಕಸದ ಬುಟ್ಟಿಗೆ ಹೋಗಬೇಕಾಗುತ್ತಿತ್ತು. ಬಾಟಲಿಯನ್ನು ಸೊಸೆ ತನ್ನ ಬಳಿ ಇಟ್ಟುಕೊಂಡಳು. ಹತ್ತಿಪ್ಪತ್ತು ಸುತ್ತಿನಲ್ಲಿ ಸದ್ದು ತಾನೇ ಅಡಗಿತು.

ಅರವತ್ತು ಮುಗಿದ ಮೇಲೆ ಬ್ರೇಕು ತಣ್ಣಗಾಗಲೆಂದು ಕಟ್ಟೆಯ ಮೇಲೆ ಕುಳಿತೆವು. ಆಗ ತಟ್ಟೆಯನ್ನು ಮುಟ್ಟಿದರೆ ಬೆರಳು ಸುಟ್ಟೀತು. ಅಷ್ಟು ಕಾವು ಎಲ್ಲಿಂದ ಬಂತು ಎಂದು ಸೊಸೆ ಕೇಳಿದಾಗ ಪುಟ್ಟ ತನ್ನ ವಿಜ್ಞಾನದ ಪಾಠ ತೆಗೆದ. ಸೈಕಲ್ಲಿನ ವೇಗವೆಲ್ಲ ಶಕ್ತಿ, ಬ್ರೇಕು ಅದನ್ನು ಶಾಖವಾಗಿ ಬದಲಾಯಿಸುತ್ತದೆ ಅಂದ. ನನ್ನ ನೋಟ್‌ಬುಕ್ಕಿನಲ್ಲೇ ಲೆಕ್ಕ ಮಾಡಿ ತೋರಿಸಿದ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗಿ ಗುದ್ದುವುದೂ, ಸುಮಾರು 1.6 ಮೀಟರ್ ಎತ್ತರದಿಂದ ಕೆಳಗೆ ಬೀಳುವುದೂ ಒಂದೇ. ಅಂದರೆ ನನ್ನ ತಲೆಯಷ್ಟು ಎತ್ತರ. ವೇಗ ಎರಡರಷ್ಟಾದರೆ ಎತ್ತರ ನಾಲ್ಕರಷ್ಟಾಗುತ್ತದೆ. 40 ಕಿಲೋಮೀಟರ್ ವೇಗ ಎಂದರೆ 6 ಮೀಟರಿಗೂ ಮೇಲೆ, ಮಹಡಿ ಮನೆಯ ತಾರಸಿಯಿಂದ ಬಿದ್ದಂತೆ. ಅಷ್ಟನ್ನೂ ತಡೆಯಬೇಕಾದದ್ದು ಹೆಬ್ಬೆರಳಿನ ತುದಿಯಷ್ಟಗಲದ ಪ್ಯಾಡುಗಳು. ಬಿಕಾಂ ಓದಿದ ನನಗೆ ಆ ಸೂತ್ರ ಬರದು. ಆದರೆ ಲೆಕ್ಕ ತಾಳೆಯಾದದ್ದು ಗೊತ್ತಾಯಿತು.

ಮನೆಯಲ್ಲಿ ಇಂಥ ಸೈಕಲ್ ಇರುವವರಿಗೆ ಕೆಲವು ಮಾತು ಹೇಳಬೇಕು. ಹೊಸ ಸೈಕಲ್ ಕೊಂಡಾಗಲೂ, ಪ್ಯಾಡು ಅಥವಾ ತಟ್ಟೆ ಬದಲಿಸಿದಾಗಲೂ ಮೊದಲು ಬ್ರೇಕು ಪಳಗಿಸಿ, ಆಮೇಲೆ ಮಕ್ಕಳನ್ನು ಬೀದಿಗೆ ಬಿಡಿ. ಚೈನಿಗೆ ಎಣ್ಣೆ ಬಿಡುವಾಗ ತಟ್ಟೆಗೆ ಬಟ್ಟೆ ಮುಚ್ಚಿ, ಸ್ಪ್ರೇ ಮಾಡುವ ಎಣ್ಣೆಯನ್ನಂತೂ ಹತ್ತಿರಕ್ಕೆ ತರಬೇಡಿ. ಚಕ್ರ ತಿರುಗುತ್ತಿರುವಾಗ ಸಣ್ಣ ಮಕ್ಕಳು ತಟ್ಟೆಯ ತೂತಿಗೆ ಬೆರಳು ಹಾಕದಂತೆ ಎಚ್ಚರ ವಹಿಸಿ, ಅದು ಕತ್ತರಿಯಂತೆ ಕತ್ತರಿಸುತ್ತದೆ. ಪ್ಯಾಡಿನ ಪದರ ಒಂದು ಮಿಲಿಮೀಟರಿಗಿಂತ ಕಡಿಮೆಯಾಗುವ ಮುಂಚೆಯೇ ಬದಲಿಸಿ. ನಮ್ಮ ಚಾಮುಂಡಿ ಬೆಟ್ಟದಂಥ ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಇಳಿಯಬಾರದು. ಒತ್ತಿ, ವೇಗ ಇಳಿಸಿ, ಬಿಟ್ಟು, ತಣ್ಣಗಾಗಲು ಬಿಡುವು ಕೊಡುತ್ತ ಇಳಿಯಬೇಕು. ಇನ್ನೊಂದು, ಪೊಟ್ಟಣದೊಳಗಿನ ಕಾಗದವನ್ನು ಬಿಡಿಸಿ ಓದಿ.

ಬ್ರೇಕು ಆರಿದ ಮೇಲೆ ಟ್ಯಾಂಕಿನ ದಿಣ್ಣೆಗೆ ಹೋದೆವು. ಮೊದಲು ಕಾಲುಭಾಗದಿಂದ, ಆಮೇಲೆ ಅರ್ಧದಿಂದ ಇಳಿಸಿ ನೋಡಿದೆವು. ಕೊನೆಗೆ ಪುಟ್ಟ ಮೇಲಿನಿಂದ ಹೊರಟ. ಕೆಳಗೆ ದೊಡ್ಡ ರಸ್ತೆಗೆ ಬೆನ್ನು ಮಾಡಿ ನಾನು ನಿಂತಿದ್ದೆ. ನನಗಿಂತ ಹತ್ತು ಹೆಜ್ಜೆ ಮುಂದೆ, ಮರಳಿನ ರಾಶಿಯ ಪಕ್ಕದಲ್ಲಿ, ಸೆರಗು ಬಿಗಿದು ಎರಡೂ ಕೈ ಚಾಚಿಕೊಂಡು ಸೊಸೆ ನಿಂತಿದ್ದಳು. ಸೈಕಲ್ ನಿಲ್ಲದಿದ್ದರೆ ತಾನೇ ಹಿಡಿದು ನಿಲ್ಲಿಸುವವಳ ಹಾಗೆ.

ತೆಳ್ಳಗೆ ಸುಯ್ಯೆನ್ನುವ ಸದ್ದು ಬಂತು. ಸೈಕಲ್ ಅವಳಿಂದ ಎರಡು ಮಾರು ದೂರದಲ್ಲಿ ನಿಂತಿತು. ಪುಟ್ಟ ಕಾಲೂರಿ, "ಅಮ್ಮ, ನೀನು ಅಲ್ಲಿ ನಿಂತ್ರೆ ನಂಗೆ ಭಯ" ಅಂದ.

ಅವಳು ಕೈ ಇಳಿಸಿದಳು. ಎಣ್ಣೆಯ ಬಾಟಲಿಯನ್ನು ನನ್ನ ಚೀಲಕ್ಕೆ ಹಾಕಿ, "ಮಾವ, ಮುಂದಿನ ಸಲ ಕೂಲಿ ಕೊಟ್ಟುಬಿಡಿ" ಎಂದಳು. ಸೈಕಲ್ಲಿನ ಬೀಗದ ಕೈಯನ್ನು ಮಗನ ಕೈಗೆ ಕೊಟ್ಟಳು.